ತೊಳೆದ ಗಾಜು

ಅವರ ಹೆಸರು ಬರೆಯುತ್ತಿಲ್ಲ. ಅವರ ಹೆಂಡತಿಯ ಮಾತು ಅದು. 'ಬರೀರಿ ಮೇಷ್ಟ್ರೇ, ಬೇಡ ಅನ್ನಲ್ಲ. ಹೆಸರು ಮಾತ್ರ ಹಾಕ್ಬೇಡಿ. ಊರಲ್ಲಿ ಎಲ್ರಿಗೂ ಗೊತ್ತು. ಗೊತ್ತಿಲ್ದಿರೋರಿಗೆ ಯಾಕೆ ಗೊತ್ತಾಗ್ಬೇಕು?' ಚಿಕ್ಕಬಳ್ಳಾಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಫೋಟೋದವರು ಎಂದರೆ ಸಾಕಿತ್ತು. ಹೋದ ತಿಂಗಳು ತೀರಿಕೊಂಡರು.

ಐವತ್ತರ ದಶಕದ ನಡುವಿನಲ್ಲಿ ಹೈಸ್ಕೂಲಿನ ಕೆಲಸ ಸಿಕ್ಕಿ ಆ ಊರಿಗೆ ಬಂದ ನಾನು ಅವರ ಸ್ಟುಡಿಯೋದ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮೊದಲು ನೋಡಿದಾಗ ಅವರಿಗೆ ತಲೆಯೇ ಇರಲಿಲ್ಲ, ಕ್ಯಾಮೆರಾದ ಕರಿಬಟ್ಟೆಯೊಳಗೆ ಹೊಕ್ಕಿದ್ದರು, ಪಂಚೆ ಮತ್ತು ಎರಡು ಕಾಲು ಮಾತ್ರ ಕಾಣುತ್ತಿದ್ದವು ಎಂದು ಬಹಳ ವರ್ಷ ಗೆಳೆಯರಿಗೆ ಹೇಳಿಕೊಂಡು ಬಂದಿದ್ದೇನೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಾಡಿಗೆಯ ಮಾತು ಅದಕ್ಕೆ ಮೊದಲೇ ಆಗಿರಬೇಕು. ಆಗ ಮುಖ ನೋಡಿರಲೇಬೇಕು. ಆ ಮುಖ ನನಗೆ ನೆನಪಿಲ್ಲ. ಕಾಲುಗಳು ಚೆನ್ನಾಗಿವೆ ಎಂದು ಮುಖವನ್ನು ತೆಗೆದುಹಾಕಿದ್ದೇನೆ. ಇನ್ನು ಮುಂದೆ ಬರೆಯುವುದನ್ನು ಈ ಎಚ್ಚರದಲ್ಲೇ ಓದಬೇಕು.

ಖಂಡಿತವಾಗಿ ನೆನಪಿರುವುದು ಅವರ ಉಗುರುಗಳು. ಫೋಟೋ ತೊಳೆಯುವ ಔಷಧದಿಂದ ಅವು ಕಂದುಬಣ್ಣಕ್ಕೆ ತಿರುಗಿದ್ದವು. ಊಟವನ್ನು ಚಮಚದಲ್ಲಿ ಮಾಡುತ್ತಿದ್ದರು. ಅದಕ್ಕೆ ಕೇರಿಯವರು 'ದೊರೆ' ಎಂದು ಆಡಿಕೊಳ್ಳುತ್ತಿದ್ದರು. ಕ್ಯಾಮೆರಾದ ಮುಂದೆ ಬಿಗಿದು ಕೂತ ಹಳ್ಳಿಯವರಿಗೆ ಅವರು ಹೇಳುತ್ತಿದ್ದ ಮಾತು ಒಂದೇ: 'ಉಸಿರು ಹಿಡ್ಕೊಳಿ, ಪ್ರಾಣ ಬಿಡ್ಬೇಡಿ!' ಜನ ನಗುತ್ತಿದ್ದರು, ನಕ್ಕು ಸಡಿಲವಾಗುತ್ತಿದ್ದರು, ಆ ಗಳಿಗೆಯಲ್ಲಿ ಇವರು ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಹಾಕಿಬಿಡುತ್ತಿದ್ದರು.

ಪ್ರಾಣ ಬಿಟ್ಟವರ ಫೋಟೋವನ್ನೂ ತೆಗೆಯುತ್ತಿದ್ದರು. ಆ ಕಾಲಕ್ಕೆ ಬದುಕಿರುವಾಗ ಒಮ್ಮೆಯೂ ಫೋಟೋ ತೆಗೆಸದವರೇ ಹೆಚ್ಚು. ತೀರಿಕೊಂಡ ಮೇಲೆ ಮನೆಯವರಿಗೆ ನೆನಪಾಗುತ್ತಿತ್ತು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ಸುತ್ತಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಒಂದು ಫೋಟೋ. ಇದನ್ನು ಅವರು 'ಕೂತ ಕೆಲಸ' ಎನ್ನುತ್ತಿದ್ದರು. ತೆಗೆದ ಮೇಲೆ ಅಸಲು ಕೆಲಸ. ಫೋಟೋ ಮೂಡಿದ ಗಾಜಿನ ಪ್ಲೇಟಿನಿಂದ ದೊಡ್ಡದೊಂದು ಪ್ರಿಂಟು ಹಾಕಿ, ಸತ್ತವರ ಮುಚ್ಚಿದ ಕಣ್ಣಿನ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆಯುತ್ತಿದ್ದರು. ತಿದ್ದಿದ ಆ ಪ್ರಿಂಟನ್ನು ಮತ್ತೆ ಕ್ಯಾಮೆರಾದ ಮುಂದಿಟ್ಟು ಹೊಸದಾಗಿ ಫೋಟೋ ತೆಗೆಯುತ್ತಿದ್ದರು. ಆಗ ಕುಂಚದ ಗುರುತು ಎಲ್ಲೂ ಇರುವುದಿಲ್ಲ. ಅಜ್ಜ ಕಣ್ಣು ಬಿಟ್ಟುಕೊಂಡು ಕೂತಿರುತ್ತಾನೆ, ಅಷ್ಟೇ.

ಒಮ್ಮೆ ಪೆರೇಸಂದ್ರದ ಅಣ್ಣತಮ್ಮಂದಿರು ತಮ್ಮ ತಂದೆಯ ಫೋಟೋ ವಾಪಸು ತಂದಿದ್ದರು.

'ಸಾಮಿ, ನಮ್ಮಪ್ಪ ಯಾವತ್ತೂ ಹಿಂಗೆ ನೆಟ್ಟಗೆ ನೋಡ್ದೋನಲ್ಲ. ಮಾಲುಗಣ್ಣು ಅವಂದು.'

'ಮೊದ್ಲೇ ಹೇಳ್ಬಾರ್ದಾ? ಯಾವ್ ಕಣ್ಣು?'

'ಎಡಗಣ್ಣು,' ಎಂದ ದೊಡ್ಡವನು. 'ಬಲಗಣ್ಣು ಕಣೋ,' ಎಂದ ಚಿಕ್ಕವನು. ಬೀದಿಗೆ ಕೇಳುವಷ್ಟು ಜಗಳವಾಯಿತು. ಕೊನೆಗೆ ಫೋಟೋದವರು, 'ನೀವಿಬ್ರೂ ಮನೆಗೆ ಹೋಗಿ ಅಮ್ಮನ್ನ ಕೇಳ್ಕೊಂಡ್ ಬನ್ನಿ. ಆಯಮ್ಮನ್ನ ತಾನೆ ಅವನು ನೋಡ್ತಾ ಇದ್ದಿದ್ದು,' ಎಂದು ಕಳಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, 'ನಾನು ಬರ್ದಿದ್ದೇ ಅವರಪ್ಪನ ಕಣ್ಣು ಆಗ್ಬಿಡುತ್ತೆ ನೋಡಿ, ಇನ್ ಹತ್ತು ವರ್ಷಕ್ಕೆ,' ಎಂದರು. ಹೆಮ್ಮೆಯಿಂದಲೇ ಹೇಳಿದರು. ತಮ್ಮ ಕೈಯ ಬಗ್ಗೆ ಅವರಿಗೆ ಬಹಳ ಹೆಮ್ಮೆಯಿತ್ತು.

ಈ ಸಂಪಾದನೆಯ ಕೆಲಸದ ಆಚೆ ಅವರಿಗೊಂದು ಹುಚ್ಚಿತ್ತು. ಯುದ್ಧದ ಕಾಲದಲ್ಲಿ ಕಟ್ಟಿ, ಆಮೇಲೆ ಬಿಟ್ಟುಹೋದ ಕಟ್ಟಡಗಳ ಫೋಟೋ ತೆಗೆಯುವುದು. ಯುದ್ಧ ನಮ್ಮ ಸೀಮೆಗೆ ಬಂದಿರಲಿಲ್ಲ. ಬಂದೀತು ಎಂದು ಕಟ್ಟಿದ್ದೆಲ್ಲ ಉಳಿದುಕೊಂಡಿತ್ತು. ನಮ್ಮೂರಿನಲ್ಲಿ ಖಜಾನೆಯ ಬಾಗಿಲಿಗೆ ಅಡ್ಡವಾಗಿ ಎಬ್ಬಿಸಿದ್ದ, ಬಾಂಬು ತಡೆಯುವ ಗೋಡೆ. ಅದರ ಮೇಲೆ ಆಗ ನಾಟಕದ ಪೋಸ್ಟರು. ಗೌರಿಬಿದನೂರಿನಲ್ಲಿ ಸ್ಟೇಷನ್ನಿನ ಆಚೆ, ಸೈನಿಕರ ರೈಲುಗಳಿಗೆ ಅನ್ನ ಬೇಯಿಸಲೆಂದು ಕಟ್ಟಿದ್ದ ಉದ್ದನೆಯ ಅಡುಗೆಮನೆ. ಒಲೆಗಳೊಳಗಿನಿಂದ ಅರಳಿಗಿಡ ಎದ್ದಿತ್ತು. ಚಿಂತಾಮಣಿಯಲ್ಲಿ ತರಕಾರಿ ಸಂತೆಯ ಮಗ್ಗುಲಿಗೇ ಮಿಲಿಟರಿ ಲಾರಿಗಳ ಶೆಡ್ಡುಗಳು, ಅರ್ಧ ಸೀಳಿ ಬೋರಲು ಹಾಕಿದ ಪೀಪಾಯಿಯ ಹಾಗೆ. ರಜೆಯ ದಿನ ಪೆಟ್ಟಿಗೆ ಹೊತ್ತು ಸಣ್ಣ ರೈಲಿನಲ್ಲೋ ಬಸ್ಸಿನಲ್ಲೋ ಹೊರಡುತ್ತಿದ್ದರು. ನಾನು ಲೆನ್ಸಿಗೆ ಬಿಸಿಲು ಬೀಳದಂತೆ ಕೊಡೆ ಹಿಡಿಯುವವನು.

ಚಿಂತಾಮಣಿಯ ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸೊಬ್ಬಳು ನೋಡಿ ನೋಡಿ ಕೇಳಿಯೇಬಿಟ್ಟಳು: 'ಏನ್ ಸಾಮಿ, ಗೋಡೆ ಫೋಟೋ ಹೊಡೀತಾ ಇದ್ದೀರ. ಗೋಡೆಗೇನ್ ಮದ್ವೇನಾ?'

ಕರಿಬಟ್ಟೆಯೊಳಗಿನಿಂದ ಉತ್ತರ ಬಂತು: 'ಗಂಡಿನ ಕಡೆಯೋರು ಕೇಳವ್ರೆ ತಾಯಿ. ಸ್ವಲ್ಪ ಸರ್ಕೊಳಿ. ನೀವೂ ಬಂದ್ಬಿಟ್ರೆ ನಿಮ್ಮನ್ನೇ ಒಪ್ಕೊಂಡ್ಬಿಡ್ತಾರೆ.'

ಜನ ಸರಿದುಕೊಳ್ಳುತ್ತಿದ್ದರು. ಆ ಫೋಟೋಗಳಲ್ಲಿ ಒಂದು ನರಪಿಳ್ಳೆಯೂ ಇರಬಾರದು ಎನ್ನುವುದು ಅವರ ಹಟ. ಏಕೆಂದು ಕೇಳಿದ್ದೆ. ಅವರ ಸ್ಟುಡಿಯೋ ನಿಂತದ್ದೇ ಯುದ್ಧದಿಂದ. ಮಿಲಿಟರಿ ಲಾರಿ ಕ್ಯಾಂಪಿನ ಹುಡುಗರು ತಮ್ಮೂರಿಗೆ ಕಳಿಸಲು ಫೋಟೋ ತೆಗೆಸಿ, ಮುಂದಿನ ವಾರ ಬರ್ತೀವಿ ಎಂದು ಹೋಗುತ್ತಿದ್ದರಂತೆ. ಅಷ್ಟರಲ್ಲಿ ಕ್ಯಾಂಪು ಎತ್ತಿ ಎಲ್ಲಿಗೋ ಒಯ್ದಿರುತ್ತಿದ್ದರು. ಯಾರೂ ಬಂದು ಕೇಳದ ಆ ಫೋಟೋಗಳು ಒಂದು ತಗಡಿನ ಟ್ರಂಕಿನ ತುಂಬ ಇದ್ದವು. 'ಆ ಹುಡುಗ್ರು ಎಲ್ಲಿ ಹೋದ್ರೋ ಏನೋ. ಅವರು ಮಲಗೆದ್ದ ಗೋಡೆ ಇದೆ. ಈಗಿನ ಜನ ಅದ್ರ ಮುಂದೆ ನಿಂತ್ಬಿಟ್ರೆ ಇವತ್ತಿನ ಫೋಟೋ ಆಗ್ಬಿಡುತ್ತೆ ಮೇಷ್ಟ್ರೇ. ನಂಗೆ ಅವತ್ತಿಂದು ಬೇಕು.'

ಈ ಮಾತು ನನಗೆ ತುಂಬ ಹಿಡಿಸಿತ್ತು. ಈಗ ಬರೆದು ನೋಡಿದರೆ ಅದರೊಳಗೆ ಎಷ್ಟು ಜನಕ್ಕೆ ಜಾಗವಿಲ್ಲ ಎನ್ನುವುದು ಕಾಣುತ್ತದೆ.

ಶಿಡ್ಲಘಟ್ಟದ ಮಿಲ್ಟ್ರಿ ಶೆಡ್ಡಿಗೆ ಹೋದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಯುದ್ಧದ ವರ್ಷಗಳಲ್ಲಿ ಪ್ಯಾರಾಚೂಟಿಗೆ ಬೇಕಾದ ರೇಷ್ಮೆಯನ್ನು ಗೂಡಿನಿಂದ ಬಿಚ್ಚಲು ಕಟ್ಟಿದ್ದ ಶೆಡ್ಡು ಅದು. ಉದ್ದನೆಯ ಇಟ್ಟಿಗೆ ಗೋಡೆ, ಬಾಂಬಿನ ಭಯಕ್ಕೆ ಅರ್ಧ ಮುಚ್ಚಿದ ಕಿಟಕಿಗಳು, ಎತ್ತರದ ಹೊಗೆಗೂಡು. ಸುತ್ತಲಿನ ಹಳ್ಳಿಗಳಿಂದ ಹೆಂಗಸರನ್ನು ಕರೆತಂದು ಕುದಿಯುವ ನೀರಿನಲ್ಲಿ ಕೈ ಹಾಕಿಸಿ ನೂಲು ತೆಗೆಸಿದ್ದರು. ಯುದ್ಧ ಮುಗಿಯಿತು, ಕೆಲಸ ನಿಂತಿತು, ಯಂತ್ರಗಳನ್ನು ಯಾರೋ ಒಯ್ದರು. ಹೋಗಲು ಮನೆ ಇಲ್ಲದ ಕೆಲವು ಹೆಂಗಸರು ಅಲ್ಲೇ ಉಳಿದರು. ಅವರ ಮಕ್ಕಳು ಅಲ್ಲೇ ಹುಟ್ಟಿದರು, ಅಲ್ಲೇ ಬೆಳೆದರು.

ಎಲ್ಲರಿಗಿಂತ ಹಿರಿಯಳು ಮುನಿಯಮ್ಮ. ಕ್ಯಾಮೆರಾ ನಿಲ್ಲಿಸುತ್ತಿದ್ದಂತೆ ಆಕೆ ಸೊಂಟಕ್ಕೆ ಕೈಕೊಟ್ಟು ಬಂದಳು. ಫೋಟೋದವರು ಎಂದಿನಂತೆ, 'ಸ್ವಲ್ಪ ಪಕ್ಕಕ್ಕೆ ಹೋಗಿ ಅಮ್ಮ,' ಎಂದರು.

'ಯಾಕ್ ಸಾಮಿ? ನಾವಿದ್ರೆ ನಿನ್ ಪೆಟ್ಗೆ ಒಡ್ದೋಗ್ತದಾ?'

'ಹಂಗಲ್ಲಮ್ಮ, ಶೆಡ್ಡಿನ ಫೋಟೋ ಇದು.'

'ಶೆಡ್ಡು ಅಂದ್ರೆ ನಾವೇ ಅಲ್ವಾ? ಇಷ್ಟ್ ವರ್ಷಕ್ಕೆ ಒಬ್ರಾದ್ರೂ ಬಂದ್ರಲ್ಲಪ್ಪ!' ಎಂದು ಒಳಗೆ ತಿರುಗಿ ತೆಲುಗಿನಲ್ಲಿ ಕೂಗಿದಳು: 'ರಾಂಡೇ, ರಾಂಡೇ, ಫೋಟೋ ತೀಸ್ತಾರಂಟ!' ಬನ್ನಿ, ಫೋಟೋ ತೆಗೀತಾರಂತೆ ಎಂದು ಒಳಗಿದ್ದವರನ್ನು ಕರೆಯುತ್ತಿದ್ದಳು.

ಬಾಗಿಲಿನಿಂದ ಜನ ಬರತೊಡಗಿತು. ಯಾರೋ ತಲೆ ಬಾಚಿಕೊಂಡರು, ಯಾರೋ ಮಗುವಿನ ಮೂಗು ಒರೆಸಿದರು. ಮುನಿಯಮ್ಮ ಒಳಗೆ ಹೋಗಿ ಬೇರೆ ಸೀರೆಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡಳು. ಬಿಸಿನೀರು ತಿಂದ ಬೆರಳುಗಳು, ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಫೋಟೋದವರು ನನ್ನ ಮುಖ ನೋಡಿದರು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. 'ಬಿಡಿ ಮೇಷ್ಟ್ರೇ, ಆಮೇಲೆ ನೋಡ್ಕೊಂಡ್ರಾಯ್ತು,' ಎಂದು ಪಿಸುಗುಟ್ಟಿ, 'ಉಸಿರು ಹಿಡ್ಕೊಳಿ, ಪ್ರಾಣ ಬಿಡ್ಬೇಡಿ!' ಎಂದು ಗಟ್ಟಿಯಾಗಿ ಕೂಗಿದರು. ಎಲ್ಲರೂ ನಕ್ಕರು.

'ನಮ್ಗೂ ಒಂದ್ ಕೊಡ್ಬೇಕು ಸಾಮಿ, ಮರೀಬೇಡ.'

'ಕೊಡಣ, ಕೊಡಣ.'

ಊರಿಗೆ ಬಂದು ಪ್ರಿಂಟು ಹಾಕಿ, ಅದೇ ಕುಂಚದಿಂದ ಅವರನ್ನೆಲ್ಲ ಅಳಿಸಿದರು. ಕೆಲವು ಸಂಜೆ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಮಗುವಿನ ಜಾಗದಲ್ಲಿ ಇಟ್ಟಿಗೆ ಬಂತು, ನಿಂತಿದ್ದ ಹೆಂಗಸಿನ ಜಾಗದಲ್ಲಿ ಬಾಗಿಲ ಕತ್ತಲೆ ಬಂತು. ಮುನಿಯಮ್ಮನ ಕೈಗಳು ಕಷ್ಟ ಕೊಟ್ಟವಂತೆ. ಕಲ್ಲಿನ ಬಣ್ಣಕ್ಕೂ ಆ ಬೆರಳ ತುದಿಗಳ ಬಣ್ಣಕ್ಕೂ ವ್ಯತ್ಯಾಸ ಸಿಗದೆ, ಕೈ ಎಲ್ಲಿ ಕೊನೆಯಾಗಿ ಮೆಟ್ಟಿಲು ಎಲ್ಲಿ ಶುರುವಾಗುತ್ತದೆಂದು ಗೊತ್ತಾಗುತ್ತಿರಲಿಲ್ಲ. ತಿದ್ದಿದ್ದನ್ನು ಮತ್ತೆ ಫೋಟೋ ತೆಗೆದಾದ ಮೇಲೆ, ಎಲ್ಲ ಸ್ಟುಡಿಯೋದವರಂತೆ, ಮೊದಲಿನ ಪ್ಲೇಟನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದುಬಿಟ್ಟರು. ಚಿತ್ರವಿದ್ದ ಪದರ ಕರಗಿ ಹೋದರೆ ಒಳ್ಳೆಯ ಗಾಜು ಉಳಿಯುತ್ತದೆ. ಫ್ರೇಮು ಹಾಕಲು ಬೇರೆ ಗಾಜು ಕೊಳ್ಳಬೇಕಿಲ್ಲ.

ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಉದ್ದಕ್ಕೆ ಮಲಗಿದ ಶೆಡ್ಡು, ತೆರೆದ ಬಾಗಿಲು, ಬರಿಯ ಮೆಟ್ಟಿಲು. ಯಾರೋ ಈಗ ತಾನೇ ಎದ್ದು ಹೋದ ಹಾಗೆ ಎಂದು ನೋಡಿದವರೆಲ್ಲ ಹೇಳಿದರು. ಎಲ್ಲಿಂದ ಬಂತು ಆ ಭಾವ ಎಂದು ಯಾರೂ ಕೇಳಲಿಲ್ಲ. ಅವರು ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಎದುರಿನ ಗಾಜಿನ ಬೀರುವಿನಲ್ಲಿ, ಮದುಮಕ್ಕಳ ನಡುವೆ ತೂಗುಹಾಕಿದರು.

ಕಚೇರಿಯ ಗುಂಪು ಫೋಟೋ ತೆಗೆಸಲು ಬಂದ ಒಬ್ಬ ಅಧಿಕಾರಿ ಅದರ ಮುಂದೆ ನಿಂತರು.

'ಇದೆಲ್ಲಿ?'

'ಶಿಡ್ಲಘಟ್ಟ ಸಾರ್. ಯುದ್ಧದ ಟೈಮಿನ ಶೆಡ್ಡು.'

'ಖಾಲಿ ಬಿದ್ದಿದೆಯಾ?'

ನಾನು ಮೆಟ್ಟಿಲು ಇಳಿಯುತ್ತಿದ್ದೆ, ಕೇಳಿಸಿತು. ಫೋಟೋದವರು, 'ಖಾಲಿ ಸಾರ್. ಯಾರೂ ಇಲ್ಲ,' ಎಂದರು. ಇದ್ದಾರೆ ಎಂದಿದ್ದರೆ ಎಲ್ಲಿ ಎಂದು ಕೇಳುತ್ತಿದ್ದರು. ಕೇಳಿದ್ದರೆ ಕುಂಚದ ಕಥೆ ಹೇಳಬೇಕಿತ್ತು, ಫೋಟೋದ ಬೆಲೆ ಇಳಿಯುತ್ತಿತ್ತು. ಅಷ್ಟಕ್ಕೇ. ಅಧಿಕಾರಿ ಒಂದು ಪ್ರತಿ ಕೇಳಿದರು. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯೂ ತಾರೀಖೂ ಹಾಕಿ ಖುಷಿಯಿಂದ ಕೊಟ್ಟರು.

ಮರುವರ್ಷ ಆ ಶೆಡ್ಡನ್ನು ರೇಷ್ಮೆಗೂಡಿನ ಗೋದಾಮು ಮಾಡುವುದೆಂದು ತೀರ್ಮಾನವಾಯಿತು. ಒಳಗಿದ್ದವರಿಗೆ ಖಾಲಿ ಮಾಡಲು ಹೇಳಿದರು. ಯುದ್ಧದ ಕಾಲದಿಂದ ಇಲ್ಲೇ ಇದ್ದೇವೆ, ಬಿಡಿಸುವುದಾದರೆ ಬದಲಿ ಜಾಗ ಕೊಡಿ ಎಂದು ಅವರು ಕೇಳಿಕೊಂಡರು. ಹಳಬರಾದರೆ ಜಾಗ ಕೊಡುವುದು, ಹೊಸದಾಗಿ ಬಂದು ಸೇರಿಕೊಂಡವರಾದರೆ ಇಲ್ಲ ಎಂದು ಮಾತಾಯಿತು. ವಿಚಾರಣೆಗೆ ಅದೇ ಅಧಿಕಾರಿ ಬಂದರು. ಸಾಕ್ಷಿ ಏನಿದೆ ಎಂದಾಗ ಮುನಿಯಮ್ಮ, 'ನಮ್ ಫೋಟೋ ತೆಗ್ದವ್ರೆ, ಚಿಕ್ಕಬಳ್ಳಾಪುರದ ಫೋಟೋದೋರು. ಅವ್ರನ್ನ ಕರ್ಸಿ,' ಎಂದಳಂತೆ.

ಕರೆ ಬಂದ ದಿನ ಅವರು ಊಟ ಮಾಡಲಿಲ್ಲ ಎಂದು ಅವರ ಹೆಂಡತಿ ಹೇಳುತ್ತಾರೆ. ನನಗೆ ರೈಲಿನಲ್ಲಿ ಅವರು ಉಗುರು ಉಜ್ಜಿಕೊಳ್ಳುತ್ತಿದ್ದುದು ನೆನಪಿದೆ, ಕಂದುಬಣ್ಣ ಹೋಗುತ್ತದೆಯೇನೋ ಎಂಬಂತೆ.

ಶೆಡ್ಡಿನ ಮುಂದೆ ಹೊಂಗೆಮರದ ಕೆಳಗೆ ಮೇಜು ಹಾಕಿದ್ದರು. ನಮ್ಮನ್ನು ನೋಡಿ ಮುನಿಯಮ್ಮನ ಮುಖ ಅರಳಿತು. 'ಬಂದ್ರು ನೋಡಿ! ಸಾಮಿ, ಹೇಳು ಇವ್ರಿಗೆ. ಬಾಗ್ಲಲ್ಲಿ ಕುಂಡ್ರಿಸಿ ನಮ್ ಎಲ್ರುದೂ ತೆಗ್ದ್ಯಲ್ಲ, ಹೇಳು.'

ಅಧಿಕಾರಿ ಫೈಲಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. 'ಇದೇ ತಾನೆ?'

ಮುನಿಯಮ್ಮ ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಆಕೆ ಅದನ್ನು ನೋಡಿದ್ದು ಅದೇ ಮೊದಲು. ಕೊಡಣ ಎಂದ ಫೋಟೋ ಕೊಟ್ಟಿರಲಿಲ್ಲ. 'ಹ್ಞೂ, ಇದೇ ಬಾಗ್ಲು. ಇದು ಮೆಟ್ಲು. ಇಲ್ಲೇ ಕುಂತಿದ್ದೆ ನಾನು.' ಬೆರಳನ್ನು ಮೆಟ್ಟಿಲ ಮೇಲೆ ಇಟ್ಟಳು. ಬೆರಳು ತೆಗೆದು ಮತ್ತೆ ನೋಡಿದಳು. 'ನಾನೆಲ್ಲಿ?'

'ನಿಂಗ್ ಕಣ್ ಕಾಣಲ್ಲ, ಕೊಡಿಲ್ಲಿ,' ಎಂದು ಪಕ್ಕದವಳು ಕಿತ್ತುಕೊಂಡಳು. ಅವಳೂ ನೋಡಿ ಮೇಜಿನ ಮೇಲೆ ಇಟ್ಟುಬಿಟ್ಟಳು.

'ಇದ್ರು ಸಾರ್,' ಎಂದರು ಫೋಟೋದವರು. 'ನಾನೇ ತೆಗ್ದೆ. ಆಮೇಲೆ, ಬಣ್ಣದಲ್ಲಿ.'

'ಯಾಕೆ?'

ಮರದ ಕೆಳಗಿದ್ದವರೆಲ್ಲ ಕಾಯುತ್ತಿದ್ದರು. 'ಚೆನ್ನಾಗ್ ಕಾಣ್ಲಿ ಅಂತ,' ಎಂದರು ಫೋಟೋದವರು.

'ಖಾಲಿ ಇದೆ ಅಂತ ನೀವೇ ಹೇಳಿದ್ರಿ ನನಗೆ.'

'ಹೇಳ್ದೆ ಸಾರ್. ಸುಳ್ಳು ಹೇಳ್ದೆ.'

'ಸರಿ. ಅಸಲಿ ಪ್ಲೇಟು ತೋರ್ಸಿ.'

'ತೊಳ್ದ್ಬಿಟ್ಟೆ ಸಾರ್.'

ನಾನು ಮುಂದೆ ಹೋಗಿ, ನಾನೂ ಇದ್ದೆ, ನೋಡಿದ್ದೇನೆ ಎಂದೆ. 'ನೀವು ಇವರ ಮನೇಲೇ ಬಾಡಿಗೆಗಿರೋರಲ್ವಾ?' ಎಂದು ಕೇಳಿ ಅಧಿಕಾರಿ ಫೈಲು ಮುಚ್ಚಿದರು. ಕೆಟ್ಟ ಮನುಷ್ಯರಲ್ಲ ಅವರು. ಮೆಲ್ಲಗೆ ಫೋಟೋದವರ ಭುಜ ಮುಟ್ಟಿ, 'ಬಡವರಿಗೋಸ್ಕರ ತಪ್ಪನ್ನ ನಿಮ್ಮ ಮೈಮೇಲೆ ಹಾಕ್ಕೊಳ್ತಿದೀರಿ. ದೊಡ್ಡ ಮನಸ್ಸು ನಿಮ್ಮದು. ಆದ್ರೆ ನಾನು ಫೋಟೋ ನಂಬ್ಬೇಕು,' ಎಂದರು.

ದೊಡ್ಡ ಮನಸ್ಸು ಎಂದಾಗ ಅವರ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಬೈದಿದ್ದರೆ ನಿಲ್ಲುತ್ತಿದ್ದರೇನೋ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕಥೆ ಬರೆಯುವವನಾಗಿ ನನಗೆ ಇಲ್ಲೊಂದು ಆಸೆಯಿದೆ. ಅಳಿಸುವಾಗ ಒಂದು ನೆರಳನ್ನು ಮರೆತಿದ್ದರು, ಮೆಟ್ಟಿಲ ಮೇಲೆ ಮುನಿಯಮ್ಮನ ನೆರಳು ಉಳಿದಿತ್ತು, ಅದು ಆಮೇಲೆ ಯಾರ ಕಣ್ಣಿಗೋ ಬಿತ್ತು ಎಂದು ಬರೆಯುವ ಆಸೆ. ನನ್ನ ಹತ್ತಿರ ಆ ಫೋಟೋ ಇದೆ. ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡಿದ್ದೇನೆ. ನೆರಳಿಲ್ಲ. ಅವರು ಕೆಲಸ ಬಲ್ಲವರಾಗಿದ್ದರು.

ಶೆಡ್ಡು ಖಾಲಿಯಾಯಿತು. ಈಗ ನಿಜವಾಗಿ ಆ ಫೋಟೋದಂತೆಯೇ ಕಾಣಿಸಿತು. ಜನ ದಿಕ್ಕಿಗೊಬ್ಬರಂತೆ ಹೋದರು. ಮುನಿಯಮ್ಮ ಮಂಚೇನಹಳ್ಳಿಯಲ್ಲಿ ಮಗಳ ಗುಡಿಸಲಿನಲ್ಲಿದ್ದಾಳೆಂದು ತಿಳಿದು ಫೋಟೋದವರು ಪೆಟ್ಟಿಗೆ ಹೊತ್ತು ಅಲ್ಲಿಗೂ ಹೋದರು, ಜೊತೆಗೆ ನಾನು. ಆಕೆ ಬೈಯಲಿಲ್ಲ. ಮಜ್ಜಿಗೆ ಕೊಟ್ಟಳು. ಅವರು ಮೂರು ಕಾಲಿನ ಸ್ಟ್ಯಾಂಡು ಬಿಡಿಸಲು ಹೋದಾಗ ಮಾತ್ರ ಕೈ ಅಡ್ಡ ಹಿಡಿದಳು.

'ಬೇಡ ಸಾಮಿ. ನೀನ್ ತೆಗುದ್ರೆ ನಾನ್ ಇರಲ್ಲ.'

ಅಂದಿನಿಂದ ಕಟ್ಟಡಗಳ ಫೋಟೋ ನಿಂತಿತು. ತಿದ್ದುವುದೂ ನಿಂತಿತು. ಸಿಡುಬಿನ ಕಲೆ, ಓರೆ ಹಲ್ಲು, ಹರಿದ ತೋಳು, ಹಿನ್ನೆಲೆಯಲ್ಲಿ ಇಣುಕಿದ ಪಕ್ಕದ ಮನೆಯವಳು, ಎಲ್ಲ ಹಾಗೆಯೇ ಬರುತ್ತಿದ್ದವು.

'ಏನ್ ಸಾರ್, ಹುಡುಗಿ ಮುಖದ ಕಲೆ ಹಂಗೇ ಬಿಟ್ಟಿದೀರ? ಗಂಡಿನ ಕಡೆಯೋರ್ಗೆ ಹೆಂಗ್ ಕಳ್ಸೋದು?' ಎಂದು ಒಬ್ಬ ತಂದೆ ರೇಗಿದ.

'ಹುಡುಗಿ ಮುಖದ ಮೇಲೆ ಇದೆಯಲ್ಲಪ್ಪ.'

'ಇದೆ ಅಂತ ನಂಗೊತ್ತಿಲ್ವಾ? ಅದಕ್ಕೇ ತಾನೆ ನಿಮ್ಮತ್ರ ಬಂದಿದ್ದು!'

ನ್ಯಾಯವಾದ ಮಾತು. ಕೂತ ಕೆಲಸದಲ್ಲೂ ಸತ್ತವರು ಕಣ್ಣು ಮುಚ್ಚಿಕೊಂಡೇ ಬರತೊಡಗಿದರು. ಗಿರಾಕಿಗಳು ಎದುರು ಸಾಲಿನ ಹೊಸ ಸ್ಟುಡಿಯೋಗೆ ಹೋದರು. ಫೋಟೋದವರಿಗೆ ದೃಷ್ಟಿ ಮಂದವಾಗಿದೆ ಎಂದು ಊರು ಮಾತಾಡಿಕೊಂಡಿತು. ಅವರು ಅಲ್ಲಗಳೆಯಲಿಲ್ಲ. ಆ ಮಾತು ಅವರಿಗೆ ಒಂದು ಮರೆಯಾಗಿತ್ತು ಎಂದು ನನ್ನ ಊಹೆ.

ಬೀರುವಿನಲ್ಲಿದ್ದ ಶೆಡ್ಡಿನ ಫೋಟೋವನ್ನು ಒಂದು ದಿನ ಫ್ರೇಮಿನ ಸಮೇತ ಮೇಲೆ ನನ್ನ ಕೋಣೆಗೆ ತಂದರು. 'ನಿಮ್ಮತ್ರ ಇರ್ಲಿ. ಒಡೀಬೇಡಿ. ಆ ಗಾಜು...' ಎಂದು ನಿಲ್ಲಿಸಿ ಇಳಿದು ಹೋದರು. ಮುನಿಯಮ್ಮ ಮತ್ತು ಅವಳ ಜನ ಇದ್ದ ಪ್ಲೇಟೇ ತೊಳೆದು ಆ ಫ್ರೇಮಿನ ಗಾಜಾಗಿದೆ ಎಂದು ನಾನು ಅಂದುಕೊಂಡೆ. ಖಾಲಿ ಶೆಡ್ಡು ಒಳಗೆ, ಅವರಿದ್ದ ಗಾಜು ಅದರ ಮೇಲೆ. ತುಂಬ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅನುಮಾನ. ಆ ವಾರ ಎಷ್ಟೋ ಪ್ಲೇಟು ತೊಳೆದಿದ್ದರು. ಯಾವ ಗಾಜು ಯಾವ ಫ್ರೇಮಿಗೆ ಹೋಯಿತೋ. ಆದರೂ ಇಷ್ಟು ವರ್ಷ ಅದರ ಮೇಲೆ ಒದ್ದೆಬಟ್ಟೆ ಹಾಕಿಲ್ಲ. ದೂಳು ಕೂತಿದೆ.

ಹೋದ ತಿಂಗಳು, ಅವರು ತೀರಿಕೊಂಡ ಬೆಳಿಗ್ಗೆ, ಅವರ ಮನೆಗೆ ಹೋದಾಗ ಅವರನ್ನು ಅವರದೇ ಸ್ಟುಡಿಯೋದ ಕುರ್ಚಿಯಲ್ಲಿ ಕೂರಿಸಿದ್ದರು. ಚಿಂತಾಮಣಿಯಿಂದ ಯುವಕನೊಬ್ಬ ಕ್ಯಾಮೆರಾ ತಂದಿದ್ದ. ಹಿರಿಯರ ಮೇಲಿನ ಗೌರವಕ್ಕೆ ಬಂದವನು. ಮೆತ್ತಗೆ ಕೇಳಿದ: 'ಅಮ್ಮ, ಕಣ್ಣು ನಾನು ಆಮೇಲೆ ಬರ್ದ್ಬಿಡ್ತೀನಿ. ಇವರ ಹಳೇ ಕೆಲಸ ನೋಡ್ಕೊಂಡೇ ಕಲ್ತಿದ್ದು.'

'ಬೇಡಪ್ಪ. ಮುಚ್ಚೇ ಇರ್ಲಿ. ಅವ್ರೇ ಹೇಳಿದ್ರು,' ಎಂದರು ಅವರ ಹೆಂಡತಿ.

ಅವನು ಬಗ್ಗಿ ನೋಡಿ ಕೈಯಾಡಿಸಿದ. 'ಮೇಷ್ಟ್ರೇ, ಒಂಚೂರು ಪಕ್ಕಕ್ಕೆ ಬನ್ನಿ, ಫೋಟೋದಲ್ಲಿ ಬರ್ತೀರ. ಬಾಗಿಲಲ್ಲಿರೋ ಹಾಲಿನಮ್ಮನೂ ಸ್ವಲ್ಪ...'

'ಯಾರೂ ಸರೀಬೇಡಿ,' ಎಂದರು ಅವರ ಹೆಂಡತಿ. ಅಳುತ್ತಿರಲಿಲ್ಲ, ದನಿ ಗಟ್ಟಿಯಾಗಿಯೇ ಇತ್ತು. 'ಯಾರ್ಯಾರು ಇದ್ದೀರೋ ಎಲ್ರೂ ಬರ್ಲಿ.'

ಆ ಫೋಟೋ ಮೊನ್ನೆ ಬಂತು. ಒಂದು ಅಂಚಿನಲ್ಲಿ ನಾನು ಅರ್ಧ ಇದ್ದೇನೆ. ಬಾಗಿಲಲ್ಲಿ ಹಾಲಿನ ಚೊಂಬು ಹಿಡಿದ ಹೆಂಗಸು, ಕಿಟಕಿಯಲ್ಲಿ ಯಾರದೋ ಕೈ, ಕುರ್ಚಿಯ ಕೆಳಗೆ ಒಂದು ನಾಯಿ, ಅಲ್ಲಾಡಿ ಮಸುಕಾದ ಮಗು. ನಡುವೆ ಅವರು, ಕಣ್ಣು ಮುಚ್ಚಿಕೊಂಡು, ನಮ್ಮಲ್ಲಿ ಯಾರ ಮುಖವನ್ನೂ ನೋಡಲಾರದವರ ಹಾಗೆ.